ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡುವ ಮೊದಲೇ ರಕ್ತದ ವಿಚಾರ: ಆಸ್ಟ್ರೇಲಿಯಾದ ಮಾರ್ಗಸೂಚಿಯೊಂದರ ವಿಮರ್ಶೆ

ಆಸ್ಟ್ರೇಲಿಯಾದ ನ್ಯಾಷನಲ್ ಬ್ಲಡ್ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆ ‘ಪೇಷೆಂಟ್ ಬ್ಲಡ್ ಮ್ಯಾನೇಜ್‌ಮೆಂಟ್’ ಹೆಸರಿನಲ್ಲಿ 2011ರಿಂದ 2016ರ ನಡುವೆ ಆರು ಭಾಗಗಳ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರ ಎರಡನೆಯ ಭಾಗ, 2012ರಲ್ಲಿ ಬಂದದ್ದು, ಶಸ್ತ್ರಚಿಕಿತ್ಸೆಗೆ ಒಳಗಾಗುವವರ ರಕ್ತವನ್ನು ಮೊದಲು, ನಡುವೆ ಮತ್ತು ನಂತರ ಹೇಗೆ ಕಾಪಾಡಬೇಕು ಎಂಬುದಕ್ಕೆ ಮೀಸಲಾಗಿದೆ. ಅಂತರಜಾಲದಲ್ಲಿ ಹಣ ಕೊಡದೆ ಇಳಿಸಿಕೊಳ್ಳಬಹುದಾದ ಈ ಮಾರ್ಗಸೂಚಿಯನ್ನು, ಅರಿವಳಿಕೆ ತಜ್ಞನಾದ ನಾನು ಕರ್ನಾಟಕದ ಮಧ್ಯಮ ಗಾತ್ರದ ಆಸ್ಪತ್ರೆಯ ವೈದ್ಯರಿಗೂ ನರ್ಸ್‌ಗಳಿಗೂ ತರಬೇತಿ ಕೊಡುವಾಗ ಮೂಲ ಪಠ್ಯವಾಗಿ ಇಟ್ಟುಕೊಂಡಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕಬೇಕೆಂದಿರುವ ಬೇರೆ ಆಸ್ಪತ್ರೆಗಳಿಗೆ ಇದು ಎಷ್ಟರ ಮಟ್ಟಿಗೆ ಒದಗುತ್ತದೆ, ಎಲ್ಲಿ ಸಾಲದು ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ.

ಮಾರ್ಗಸೂಚಿಯ ತಳಹದಿ ಸರಳವಾದದ್ದು. ರೋಗಿಯ ಮೈಯಲ್ಲಿರುವ ಕೆಂಪು ರಕ್ತಕಣಗಳನ್ನು ಮುಂಚಿತವಾಗಿ ಹೆಚ್ಚಿಸುವುದು, ಶಸ್ತ್ರಚಿಕಿತ್ಸೆಯಲ್ಲಿ ಹೋಗುವ ರಕ್ತವನ್ನು ಕಡಿಮೆ ಮಾಡುವುದು, ಸ್ವಲ್ಪ ಮಟ್ಟಿನ ರಕ್ತಹೀನತೆಯನ್ನು ತಾಳಿಕೊಳ್ಳುವ ದೇಹದ ಶಕ್ತಿಯನ್ನು ಬಳಸಿಕೊಳ್ಳುವುದು: ಈ ಮೂರರ ಮೇಲೆ ಇಡೀ ಪಠ್ಯ ನಿಂತಿದೆ. ದಾನಿಯ ರಕ್ತ ಕೊಡಲೇಬಾರದು ಎಂದು ಇದು ಎಲ್ಲಿಯೂ ಹೇಳುವುದಿಲ್ಲ. ತರಬೇತಿಯ ಮೊದಲ ಗಂಟೆಯಲ್ಲೇ ಇದನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಹಿರಿಯ ಶಸ್ತ್ರವೈದ್ಯರಲ್ಲಿ ಕೆಲವರು ಇದನ್ನು ರಕ್ತ ಉಳಿಸುವ ಮಿತವ್ಯಯದ ಕ್ರಮವೆಂದು ತಿಳಿದು ಬಂದಿರುತ್ತಾರೆ. ಇದರ ಗುರಿ ರೋಗಿಯ ಒಳಿತು. ರಕ್ತ ಉಳಿಯುವುದು ಅದರ ಫಲ.

ನನ್ನ ದೃಷ್ಟಿಯಲ್ಲಿ ಪುಸ್ತಕದ ಜೀವ ಇರುವುದು ಶಸ್ತ್ರಚಿಕಿತ್ಸೆಗೆ ಮುಂಚಿನ ಹಿಮೋಗ್ಲೋಬಿನ್ ತಪಾಸಣೆಯ ಒಂದೇ ಪುಟದ ನಕ್ಷೆಯಲ್ಲಿ. ಹೆಚ್ಚು ರಕ್ತ ಹೋಗುವ ನಿರೀಕ್ಷೆಯಿರುವ ಹೃದಯ, ಮೂಳೆ, ರಕ್ತನಾಳ ಮತ್ತು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆಂದು ರೂಪಿಸಿದ ಈ ನಕ್ಷೆ, ರಕ್ತಕಣಗಳ ಪೂರ್ಣ ಎಣಿಕೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ತಿಳಿಸುವ ಅಂಶ) ಸೇರಿದಂತೆ ಕಬ್ಬಿಣಾಂಶದ ಪರೀಕ್ಷೆಗಳು, ಉರಿಯೂತವನ್ನು ತಿಳಿಸುವ ಸಿಆರ್‌ಪಿ ಮತ್ತು ಮೂತ್ರಪಿಂಡದ ಪರೀಕ್ಷೆಯಿಂದ ಆರಂಭವಾಗುತ್ತದೆ. ಹಿಮೋಗ್ಲೋಬಿನ್ ಗಂಡಸರಲ್ಲಿ 130, ಹೆಂಗಸರಲ್ಲಿ 120ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಗುರುತಿಸಿ, ಫೆರಿಟಿನ್ 30ಕ್ಕಿಂತ ಕಡಿಮೆಯೇ, 30ರಿಂದ 100ರ ನಡುವೆಯೇ, 100ಕ್ಕಿಂತ ಹೆಚ್ಚೇ ಎಂದು ಕವಲೊಡೆಯುತ್ತದೆ. 30ಕ್ಕಿಂತ ಕಡಿಮೆಯಾದರೆ ಕಬ್ಬಿಣಾಂಶದ ಕೊರತೆ ಖಚಿತ. ನಡುವಿನ ಅಂಕಿ ಬಂದರೆ ಸಿಆರ್‌ಪಿ ನೋಡಬೇಕು, ಏಕೆಂದರೆ ಮೈಯಲ್ಲಿ ಉರಿಯೂತವಿದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮರೆಮಾಡುತ್ತದೆ. ರಕ್ತಹೀನತೆ ಇಲ್ಲದವರನ್ನೂ ನಕ್ಷೆ ಬಿಟ್ಟಿಲ್ಲ: ಫೆರಿಟಿನ್ 100ಕ್ಕಿಂತ ಕಡಿಮೆಯಿದ್ದು, ಶಸ್ತ್ರಚಿಕಿತ್ಸೆಯ ನಂತರ ಹಿಮೋಗ್ಲೋಬಿನ್ 30 ಗ್ರಾಂನಷ್ಟು ಇಳಿಯಬಹುದೆಂಬ ಅಂದಾಜಿದ್ದರೆ ಕಬ್ಬಿಣಾಂಶ ಕೊಡುವುದನ್ನು ಯೋಚಿಸಿ ಎನ್ನುತ್ತದೆ.

ಇಲ್ಲೊಂದು ಎಚ್ಚರಿಕೆ. ಆಸ್ಟ್ರೇಲಿಯಾದಲ್ಲಿ ಹಿಮೋಗ್ಲೋಬಿನ್ ಅನ್ನು ಒಂದು ಲೀಟರಿಗೆ ಎಷ್ಟು ಗ್ರಾಂ ಎಂದು ಬರೆಯುತ್ತಾರೆ. ನಮ್ಮ ಲ್ಯಾಬ್ ವರದಿಗಳಲ್ಲಿ ಡೆಸಿಲೀಟರಿನ, ಎಂದರೆ ಲೀಟರಿನ ಹತ್ತನೆಯ ಒಂದು ಭಾಗದ, ಲೆಕ್ಕವಿರುತ್ತದೆ. ಅಲ್ಲಿನ 130 ಇಲ್ಲಿಗೆ 13, ಅಲ್ಲಿನ 30 ಇಲ್ಲಿಗೆ 3. ಫೆರಿಟಿನ್ ಅಂಕಿಗಳು ಮಾತ್ರ ಎರಡೂ ಕಡೆ ಒಂದೇ. ನಕ್ಷೆಯನ್ನು ಹಾಗೆಯೇ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರೆ ಹೊಸ ಹೌಸ್ ಸರ್ಜನ್‌ಗಳು ಗೊಂದಲಕ್ಕೆ ಬೀಳುತ್ತಾರೆ. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಲು ನಕ್ಷೆಯೇ ಅವಕಾಶ ಕೊಟ್ಟಿರುವುದರಿಂದ, ಅಂಕಿಗಳನ್ನು ಮೊದಲೇ ತಿದ್ದಿಕೊಳ್ಳುವುದು ಒಳ್ಳೆಯದು.

ಈ ಒಂದು ಪುಟ ನಮ್ಮಲ್ಲಿ ಏಕೆ ಇಷ್ಟು ಮುಖ್ಯ ಎಂಬುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ ಸಾಕು. 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ, ಕರ್ನಾಟಕದಲ್ಲಿ ಸುಮಾರು 48 ಶೇಕಡಾ ಮಂದಿಗೆ ರಕ್ತಹೀನತೆಯಿದೆ. ಗರ್ಭಕೋಶದ ಗಡ್ಡೆಯಿಂದ ತಿಂಗಳುಗಟ್ಟಲೆ ಅತಿಸ್ರಾವ ಅನುಭವಿಸಿದ ನಲವತ್ತೈದರ ಆಸುಪಾಸಿನ ಹೆಂಗಸು, ಹಿಮೋಗ್ಲೋಬಿನ್ 7.5 ಇಟ್ಟುಕೊಂಡು ಗರ್ಭಕೋಶ ತೆಗೆಸಲು ಬರುವುದು ನಮ್ಮ ಹೊರರೋಗಿ ವಿಭಾಗದ ದಿನನಿತ್ಯದ ನೋಟ. ವಾಡಿಕೆಯಂತೆ ಮುಂದಿನ ವಾರಕ್ಕೆ ಆಪರೇಷನ್ ಗೊತ್ತಾಗುತ್ತದೆ, “ಎರಡು ಬಾಟಲಿ ರಕ್ತ ರೆಡಿ ಮಾಡ್ಕೊಳ್ಳಿ” ಎಂದು ಕಡೆಯವರಿಗೆ ಚೀಟಿ ಬರೆದುಕೊಡಲಾಗುತ್ತದೆ, ಆಕೆಯ ಗಂಡನೋ ಮಗನೋ ರಕ್ತನಿಧಿಯಿಂದ ರಕ್ತನಿಧಿಗೆ ಅಲೆಯುತ್ತಾನೆ. ಸ್ರಾವವನ್ನು ಔಷಧದಿಂದ ತಡೆದು, ಫೆರ್ರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣಾಂಶದ ಔಷಧವನ್ನು 1000 ಮಿಲಿಗ್ರಾಂನಷ್ಟು ಹದಿನೈದು ನಿಮಿಷಗಳಲ್ಲಿ ನರದ ಮೂಲಕ ಕೊಟ್ಟು, ಮೂರು ನಾಲ್ಕು ವಾರ ಕಾದರೆ, ಇಂಥವರಲ್ಲಿ ಬಹಳಷ್ಟು ಮಂದಿಗೆ ಆ ಎರಡು ಬಾಟಲಿಗಳ ಅಗತ್ಯವೇ ಬೀಳುವುದಿಲ್ಲ. ಔಷಧವೂ ಇದೆ, ಹಾಸಿಗೆಯೂ ಇದೆ. ಇಲ್ಲದಿರುವುದು ಆ ಮೂರು ವಾರಗಳ ಬಿಡುವು.

ಆದ್ದರಿಂದಲೇ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶವನ್ನು ಸರಿಪಡಿಸಲು ಸಮಯ ಸಿಗುವಂತೆ ತುರ್ತಲ್ಲದ ಶಸ್ತ್ರಚಿಕಿತ್ಸೆಯ ದಿನವನ್ನು ನಿಗದಿ ಮಾಡಬೇಕು ಎಂಬ ಮಾರ್ಗಸೂಚಿಯ ಪುಟ್ಟ ಸಲಹೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಇದು ಸಂಶೋಧನೆಯ ಪುರಾವೆಯ ಆಧಾರದ ಮೇಲೆ ಶ್ರೇಣಿ ಪಡೆದ ಶಿಫಾರಸಲ್ಲ, ತಜ್ಞರ ಒಮ್ಮತದಿಂದ ಬಂದ ಸಲಹೆ. ಆದರೂ ತರಬೇತಿಗೆ ಯಾರನ್ನು ಕೂರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಒಟಿ (ಶಸ್ತ್ರಚಿಕಿತ್ಸೆಯ ಕೋಣೆ) ಪಟ್ಟಿ ಬರೆಯುವವರು, ದಿನಾಂಕ ಕೊಡುವ ಕೌಂಟರಿನ ಸಿಬ್ಬಂದಿ, ಲ್ಯಾಬ್ ತಂತ್ರಜ್ಞರು ಇವರ್‍ಯಾರೂ ಇಲ್ಲದೆ ವೈದ್ಯರಿಗಷ್ಟೇ ಪಾಠ ಮಾಡಿದರೆ ನಕ್ಷೆ ಫೈಲಿನಲ್ಲಿ ಉಳಿಯುತ್ತದೆ. ಫೆರಿಟಿನ್ ವರದಿ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ನಿಖರವಾಗಿ ಗೊತ್ತಿರುವುದು ಲ್ಯಾಬಿನವರಿಗೆ. ತಾಲ್ಲೂಕು ಮಟ್ಟದಲ್ಲಿ ಸ್ಯಾಂಪಲ್ ಹೊರಗೆ ಕಳಿಸಬೇಕಾದ ಕಡೆ, ಮೊದಲ ಭೇಟಿಯಲ್ಲೇ ರಕ್ತ ತೆಗೆಯದಿದ್ದರೆ ಇಡೀ ಯೋಜನೆ ಕೆಡುತ್ತದೆ.

ಎರಡನೆಯ ದೊಡ್ಡ ಲಾಭ ವಾರ್ಡಿನಲ್ಲಿ ಕಾಣಿಸುತ್ತದೆ. ರಕ್ತಸ್ರಾವ ನಡೆಯುತ್ತಿಲ್ಲದ ರೋಗಿಗೆ ಒಂದು ಯೂನಿಟ್, ಎಂದರೆ ಒಂದು ಬಾಟಲಿ, ರಕ್ತ ಕೊಟ್ಟು, ಮತ್ತೆ ಪರೀಕ್ಷಿಸಿ, ಬೇಕಾದರೆ ಮಾತ್ರ ಇನ್ನೊಂದು ಕೊಡಬೇಕು. ನಿರ್ಧಾರ ಹಿಮೋಗ್ಲೋಬಿನ್ ಅಂಕಿಯೊಂದರ ಮೇಲೆಯೇ ನಿಲ್ಲಬಾರದು ಎಂಬ ಪಾಠವಿದು. ಹಿಮೋಗ್ಲೋಬಿನ್ 10ರ ಮೇಲಿದ್ದರೆ ರಕ್ತ ಕೊಡುವುದು ಸಾಮಾನ್ಯವಾಗಿ ಸೂಕ್ತವಲ್ಲ, 7ಕ್ಕಿಂತ ಕಡಿಮೆಯಾದರೆ ಬಹುಶಃ ಸೂಕ್ತ, ನಡುವೆ ಇದ್ದರೆ ರೋಗಿಯ ಉಸಿರಾಟ, ನಾಡಿ, ಎದೆನೋವು ಮತ್ತು ಹೃದಯದ ಸ್ಥಿತಿಯನ್ನು ನೋಡಬೇಕು. ತರಬೇತಿಗೆ ಮುಂಚೆ ರಾತ್ರಿ ಪಾಳಿಯ ನರ್ಸ್‌ಗಳು ಕೇಳುತ್ತಿದ್ದದ್ದು “ಡಾಕ್ಟ್ರೇ, ಎರಡನೇ ಬಾಟಲಿ ಎಷ್ಟೊತ್ತಿಗೆ ಶುರು ಮಾಡ್ಲಿ?” ಎಂದು. ಈಗ ಅವರು ಮೊದಲ ಯೂನಿಟ್ ಮುಗಿದ ಮೇಲಿನ ನಾಡಿ, ರಕ್ತದೊತ್ತಡ, ಹಿಮೋಗ್ಲೋಬಿನ್ ಹೇಳಿ, “ಪೇಷೆಂಟ್ ಎದ್ದು ಓಡಾಡ್ತಿದಾರೆ, ಎರಡನೇದು ಬೇಕಾ?” ಎಂದು ಕೇಳುತ್ತಾರೆ. ನನಗೆ ಈ ತರಬೇತಿಯಲ್ಲಿ ಅತ್ಯಂತ ಸಂತೋಷ ಕೊಟ್ಟ ಬದಲಾವಣೆ ಇದು.

ಇಂಥ ಕಾರ್ಯಕ್ರಮದಿಂದ ದೊಡ್ಡ ಪ್ರಮಾಣದಲ್ಲಿ ಏನಾಗಬಹುದು ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯ ಸಾಕ್ಷಿ. ಅಲ್ಲಿ 2008ರಲ್ಲಿ ಆರಂಭವಾದ ಕಾರ್ಯಕ್ರಮದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನಾಲ್ಕು ದೊಡ್ಡ ಆಸ್ಪತ್ರೆಗಳ 6,05,046 ರೋಗಿಗಳ ದಾಖಲೆಯಲ್ಲಿ, ರಕ್ತ ಮತ್ತು ರಕ್ತಾಂಶಗಳ ಬಳಕೆ 41 ಶೇಕಡಾ ಇಳಿದಿತ್ತು. ಒಂದೇ ಯೂನಿಟ್ ಕೊಟ್ಟ ಪ್ರಕರಣಗಳು 33.3ರಿಂದ 63.7 ಶೇಕಡಾಕ್ಕೆ ಏರಿದ್ದವು. ಆಸ್ಪತ್ರೆಯಲ್ಲಿ ಸಾವಿನ ಸಂಭವ 28 ಶೇಕಡಾ ಕಡಿಮೆಯಾಗಿತ್ತು. ಇದು ಮೊದಲಿನ ಮತ್ತು ನಂತರದ ವರ್ಷಗಳನ್ನು ಹೋಲಿಸಿದ ಅಧ್ಯಯನವಾದ್ದರಿಂದ, ಸಾವು ಇಳಿದದ್ದಕ್ಕೆಲ್ಲ ರಕ್ತದ ಕಾರ್ಯಕ್ರಮವೇ ಕಾರಣವೆಂದು ಹೇಳಲಾಗದು. ಆದರೆ ಕಡಿಮೆ ರಕ್ತ ಕೊಟ್ಟರೆ ರೋಗಿಗಳಿಗೆ ಕೇಡಾಗುತ್ತದೆ ಎಂಬ ಭಯಕ್ಕೆ ಈ ಅಂಕಿಗಳಲ್ಲಿ ಆಧಾರ ಸಿಗುವುದಿಲ್ಲ.

ಶಸ್ತ್ರಚಿಕಿತ್ಸೆಯ ಕೋಣೆಯೊಳಗಿನ ಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೈ ತಣ್ಣಗಾಗದಂತೆ ನೋಡಿಕೊಳ್ಳುವುದು ಮತ್ತು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಬಳಕೆ ಯಾವ ಆಸ್ಪತ್ರೆಯಲ್ಲೂ ಸಾಧ್ಯ. ಚೆಲ್ಲಿದ ರಕ್ತವನ್ನು ಸಂಗ್ರಹಿಸಿ, ತೊಳೆದು, ಮರಳಿ ಕೊಡುವ ಯಂತ್ರ ಮಾತ್ರ ದೊಡ್ಡ ಕೇಂದ್ರಗಳಿಗೆ ಸೀಮಿತ.

ಇನ್ನು ಕೊರತೆಗಳು. ಪಠ್ಯಕ್ಕೆ ವಯಸ್ಸಾಗಿದೆ. ತೀವ್ರ ರಕ್ತಸ್ರಾವದ ಮೊದಲ ಭಾಗಕ್ಕೆ ಬದಲಾಗಿ 2023ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ. 2012ರ ಈ ಎರಡನೆಯ ಭಾಗವನ್ನು ಓದುವಾಗ ನಂತರದ ಸಂಶೋಧನೆಗಳನ್ನು ನಾವೇ ಸೇರಿಸಿಕೊಳ್ಳಬೇಕು. ನಕ್ಷೆ ಕಬ್ಬಿಣದ ಮಾತ್ರೆಯನ್ನು ದಿನಕ್ಕೆ ಹಲವು ಬಾರಿ ಹಂಚಿ ಕೊಡುವುದನ್ನು ಹೇಳುತ್ತದೆ. ದಿನ ಬಿಟ್ಟು ದಿನ ಒಂದೇ ಬಾರಿ ಕೊಟ್ಟರೆ ಕಬ್ಬಿಣಾಂಶ ಹೆಚ್ಚು ಹೀರಲ್ಪಡುತ್ತದೆ ಎಂದು 2017ರ ಸಂಶೋಧನೆ ತೋರಿಸಿತು. ಮುಖ್ಯವಾಗಿ, 2020ರಲ್ಲಿ ಪ್ರಕಟವಾದ ‘ಪ್ರಿವೆಂಟ್’ ಎಂಬ ಚಿಕಿತ್ಸಾ ಪರೀಕ್ಷೆ (ಟ್ರಯಲ್) ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಹೊರಟಿದ್ದ 487 ಮಂದಿಯಲ್ಲಿ ನಡೆಯಿತು. ಮುಂಚಿತವಾಗಿ ನರದ ಮೂಲಕ ಕಬ್ಬಿಣಾಂಶ ಕೊಟ್ಟರೂ ರಕ್ತ ಕೊಡಬೇಕಾಗಿ ಬಂದವರ ಮತ್ತು ಸತ್ತವರ ಒಟ್ಟು ಪ್ರಮಾಣ ಇಳಿಯಲಿಲ್ಲ. ಆ ಪರೀಕ್ಷೆಯಲ್ಲಿ ರಕ್ತಹೀನತೆಯಿದ್ದವರನ್ನೆಲ್ಲ ಸೇರಿಸಿಕೊಂಡಿದ್ದರು, ಕಬ್ಬಿಣಾಂಶದ ಕೊರತೆ ಇದ್ದವರನ್ನಷ್ಟೇ ಅಲ್ಲ. ಹಾಗಾಗಿ ಫೆರಿಟಿನ್ ನೋಡಿ ಕವಲೊಡೆಯುವ ನಕ್ಷೆಯನ್ನು ಇದು ತಳ್ಳಿಹಾಕುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ತರಬೇತಿಯಲ್ಲಿ ಈ ಫಲಿತಾಂಶವನ್ನು ಮುಚ್ಚಿಡಬಾರದು. ಹೃದಯಾಘಾತವಾದವರಲ್ಲಿ ರಕ್ತ ಕೊಡಲು ಹಿಮೋಗ್ಲೋಬಿನ್ ತೀರಾ ಇಳಿಯುವವರೆಗೆ ಕಾಯುವುದು ಸುರಕ್ಷಿತವಲ್ಲದಿರಬಹುದು ಎಂಬ 2023ರ ‘ಮಿಂಟ್’ ಪರೀಕ್ಷೆಯ ಸೂಚನೆಯನ್ನೂ ಜೊತೆಗೆ ಹೇಳಬೇಕು.

ನಮ್ಮ ರೋಗಿಗಳ ಮಟ್ಟಿಗೆ ಬೇರೆ ಬಿಟ್ಟುಹೋದ ಸಂಗತಿಗಳಿವೆ. ಬಿ12 ಕೊರತೆ, ಥಲಸ್ಸೀಮಿಯ ಎಂಬ ಆನುವಂಶಿಕ ರಕ್ತರೋಗದ ವಾಹಕ ಸ್ಥಿತಿ, ಜಂತುಹುಳು, ಕೆಲವು ಬುಡಕಟ್ಟು ಸಮುದಾಯಗಳಲ್ಲಿನ ಸಿಕಲ್ ಸೆಲ್ ರೋಗ ಇವುಗಳಿಗೆ ಇಲ್ಲಿ ಹೆಚ್ಚು ಜಾಗ ಬೇಕಿತ್ತು. ಎಂಸಿವಿ (ಕೆಂಪು ರಕ್ತಕಣಗಳ ಸರಾಸರಿ ಗಾತ್ರ) ಕಡಿಮೆಯಿದೆ ಎಂದ ಮಾತ್ರಕ್ಕೆ ಕಬ್ಬಿಣಾಂಶ ಹಾಕಿಬಿಡುವ ಅಪಾಯವನ್ನು ನಾವು ಪ್ರತ್ಯೇಕವಾಗಿ ಪಾಠ ಮಾಡಬೇಕಾಗಿದೆ. ಭಾಷೆಯೂ ತೊಡಕು: ದಪ್ಪ ಪುಸ್ತಕದ ಬಹುಪಾಲು ಸಂಶೋಧನೆಗಳ ತೂಕ ನೋಡುವುದಕ್ಕೇ ಮೀಸಲಾಗಿದ್ದು, ನರ್ಸ್‌ಗಳು ಅದನ್ನು ಓದಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಆಸ್ಟ್ರೇಲಿಯಾದ ಸಿಬ್ಬಂದಿಗೆ ಇದೇ ವಿಷಯವನ್ನು ಪಾಠಗಳಾಗಿ ಉಚಿತವಾಗಿ ಕಲಿಸುವ ‘ಬ್ಲಡ್‌ಸೇಫ್ ಇ-ಲರ್ನಿಂಗ್’ ವ್ಯವಸ್ಥೆಯಿದೆ. ಕನ್ನಡದಲ್ಲಿ, ನಮ್ಮ ಕೇಸ್ ಶೀಟ್‌ಗಳ ಮಾದರಿಯಲ್ಲಿ ಅಂಥದ್ದೊಂದನ್ನು ನಮ್ಮ ವೈದ್ಯಕೀಯ ಶಿಕ್ಷಣ ಸಂಸ್ಥೆಗಳು ರೂಪಿಸಬೇಕೆಂಬುದು ನನ್ನ ಪ್ರಾಮಾಣಿಕ ಬೇಡಿಕೆ.

ಐವತ್ತು ಹಾಸಿಗೆಗಳ ಆಸ್ಪತ್ರೆಯಾಗಲಿ, ಜಿಲ್ಲಾ ಆಸ್ಪತ್ರೆಯಾಗಲಿ, ಈ ಮಾರ್ಗಸೂಚಿಯನ್ನು ಇಳಿಸಿಕೊಳ್ಳುವಂತೆ ಶಿಫಾರಸು ಮಾಡುತ್ತೇನೆ. ಅರಿವಳಿಕೆ ತಜ್ಞರೊಬ್ಬರು ಮತ್ತು ರಕ್ತನಿಧಿಯ ವೈದ್ಯರೊಬ್ಬರು ಪೂರ್ತಿ ಓದಲಿ. ಉಳಿದವರಿಗೆ ಅಂಕಿ ತಿದ್ದಿದ ಆ ಒಂದು ಪುಟದ ನಕ್ಷೆ ಮತ್ತು ಒಂದು ಯೂನಿಟ್ ಕೊಟ್ಟು ಮತ್ತೆ ನೋಡುವ ನಿಯಮ ಇಷ್ಟನ್ನು ಕಲಿಸಿದರೆ ಆರಂಭಕ್ಕೆ ಸಾಕು. ನಕ್ಷೆಯ ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ, ಒಟಿ ದಿನಾಂಕ ಬರೆಯುವ ರಿಜಿಸ್ಟರ್ ಇರುವ ಮೇಜಿನ ಮೇಲೆಯೇ ಇಡಿಸಿ.