ಎರಡನೇ ಸಲ ಕ್ಯಾಟ್ ಬರೆಯೋಕೆ ಬರೀ ಟೆಸ್ಟ್ ಸೀರೀಸ್ ಸಾಕಾ? ಮೈಸೂರಿನಲ್ಲಿ ಕೂತು ಒಂದು ಸೀಸನ್ ಬಳಸಿದ ಮೇಲೆ

ಕ್ಯಾಟ್ ಅಂದರೆ ಐಐಎಂಗಳಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಬಿಎ ಓದೋಕೆ ಬರೆಯೋ ಪ್ರವೇಶ ಪರೀಕ್ಷೆ, ಟೆಸ್ಟ್ ಸೀರೀಸ್ ಅಂದರೆ ಪಾಠ ಇಲ್ಲದೆ ಬರೀ ಮಾದರಿ ಪರೀಕ್ಷೆಗಳ (ಮಾಕ್) ಸರಣಿ. ಅದರ ದತ್ತಾಂಶ ಮತ್ತು ತರ್ಕದ ವಿಭಾಗ ಡಿಐಎಲ್‌ಆರ್. ಅಲ್ಲಿನ ಸೆಟ್‌ಗಳಿಗೆ, ಅಂದರೆ ಒಂದೇ ಮಾಹಿತಿ ಮೇಲೆ ಕೇಳೋ ಪ್ರಶ್ನೆಗಳ ಗುಂಪುಗಳಿಗೆ, ಕೊಡುವ ವಿವರಣೆ ವಿಷಯದಲ್ಲಿ ನಾನು ಕೊಂಡ ಟೆಸ್ಟ್ ಸೀರೀಸ್ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆದರೂ ಪಾಠ ಗೊತ್ತಿದ್ದು ಎರಡನೇ ಸಲ ಕ್ಯಾಟ್ ಬರೆಯುವವರು ದುಡ್ಡು ಹಾಕೋದಾದರೆ ಪೂರ್ತಿ ಕೋರ್ಸ್ ಬಿಟ್ಟು ಇಂಥದ್ದಕ್ಕೇ ಹಾಕಿ ಅಂತೀನಿ. ಜೂನ್‌ನಲ್ಲಿ ಕೊಂಡು ನವೆಂಬರ್ ಕೊನೆಯ ಭಾನುವಾರದವರೆಗೂ ಬಳಸಿದ್ದೀನಿ. ಕಂಪನಿ ಹೆಸರು ಬೇಡ. ಗೆಳತಿಯರು ತಗೊಂಡಿದ್ದ ಬೇರೆಯವರ ಸೀರೀಸನ್ನೂ ಕೂತು ನೋಡಿದೆ, ನಾನು ಹೇಳಲಿರುವ ಕೊರತೆ ಅಲ್ಲೂ ಹಾಗೇ ಇದೆ. ಎಷ್ಟು ಮಾಕ್ ಕೊಡ್ತಾರೆ, ಆಪ್ ಹೇಗಿದೆ ಅನ್ನೋದೆಲ್ಲ ಜಾಹೀರಾತಿನಲ್ಲೇ ಸಿಗುತ್ತೆ.

ಮೊದಲ ಸಲ ಬರೆದಾಗ ಇಂಗ್ಲಿಷ್ ಮತ್ತು ಗಣಿತದಲ್ಲಿ ಪರ್ಸೆಂಟೈಲ್ (ಬರೆದ ನೂರರಲ್ಲಿ ಎಷ್ಟು ಮಂದಿಗಿಂತ ಮುಂದಿದ್ದೀವಿ ಅನ್ನೋ ಲೆಕ್ಕ) ಚೆನ್ನಾಗಿ ಬಂದಿತ್ತು. ಡಿಐಎಲ್‌ಆರ್‌ನಲ್ಲಿ ಕಟ್‌ಆಫ್ ಮುಟ್ಟಲಿಲ್ಲ. ಒಟ್ಟು ಪರ್ಸೆಂಟೈಲ್ ಎಷ್ಟೇ ಇರಲಿ, ಐಐಎಂಗಳು ಪ್ರತಿ ವಿಭಾಗಕ್ಕೂ ಬೇರೆ ಬೇರೆ ಕನಿಷ್ಠ ಮಟ್ಟ ಇಟ್ಟಿರುತ್ತವೆ. ಮೂರು ವಿಭಾಗ, ತಲಾ 40 ನಿಮಿಷ, ಒಂದರಲ್ಲಿ ಉಳಿಸಿದ ನಿಮಿಷ ಇನ್ನೊಂದಕ್ಕೆ ಬರಲ್ಲ. ಸ್ಕೋರ್ ಒಂದೇ ವರ್ಷಕ್ಕೆ ಲೆಕ್ಕ, ಪರೀಕ್ಷೆಯೂ ವರ್ಷಕ್ಕೆ ಒಂದೇ ಸಲ. ಎನ್‌ಮ್ಯಾಟ್ ಅನ್ನೋ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಥರ ಅದೇ ಸೀಸನ್‌ನಲ್ಲಿ ಮೂರು ಸಲ ಕೂರೋ ಅವಕಾಶ ಇಲ್ಲಿಲ್ಲ. ಬೆಂಗಳೂರು ಐಐಎಂ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಅವು ಇನ್ನು ಬದಲಾಗಲ್ಲ. ಹಾಗಾಗಿ ನನ್ನ ಕೈಯಲ್ಲಿ ಉಳಿದಿದ್ದು ಡಿಐಎಲ್‌ಆರ್‌ನ ಆ 40 ನಿಮಿಷ. ನಾನು ಕೊಳ್ಳೋದು ಏನೇ ಆಗಿರಲಿ, ಅದಕ್ಕೆ ಉಪಯೋಗ ಆಗಬೇಕಿತ್ತು.

ಮುಂದಿದ್ದ ದಾರಿಗಳನ್ನೆಲ್ಲ ಯೋಚಿಸಿದೆ. ಬೆಂಗಳೂರಿನ ವಾರಾಂತ್ಯದ ಕ್ಲಾಸು ಅಂದರೆ ಶನಿವಾರ, ಭಾನುವಾರ ಎರಡೂ ಹೋದ ಹಾಗೆ. ಹೋಗಿ ಬರೋಕೇ ಐದಾರು ಗಂಟೆ, ಫೀಸಿನ ಮೇಲೆ ಟ್ರೈನ್, ಮೆಟ್ರೋ, ಊಟದ ಖರ್ಚು ಬೇರೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಅಕೌಂಟ್ಸ್ ನೋಡ್ಕೊಳ್ಳೋ ನನಗೆ ತಿಂಗಳ ಕೊನೇ ವಾರ ಶನಿವಾರವೂ ರಜೆ ಇರಲ್ಲ. ಇಲ್ಲೇ ಮೈಸೂರಿನಲ್ಲಿ ಒಂದು ಕಡೆ ರಿಪೀಟರ್ಸ್ ಬ್ಯಾಚ್ ಇದೆ ಅಂತ ಡೆಮೊ ಕ್ಲಾಸಿಗೆ ಹೋಗಿದ್ದೆ. ಮೊದಲ ದಿನವೇ ಭಾಜ್ಯ, ಭಾಜಕದಿಂದ ಪಾಠ ಶುರು. ಪಕ್ಕದ ಕೋಣೆಯ ಹೊಸಬರ ಬ್ಯಾಚಿನಲ್ಲೂ ಅದೇ ಪಾಠ, ಅದೇ ಮುದ್ರಿತ ಹಾಳೆ. ಮತ್ತೊಮ್ಮೆ ಬರೆಯುವವರಿಗೆ ಏನು ಬೇಕು ಅಂತ ಅಲ್ಲಿ ಯಾರೂ ಕೇಳಲಿಲ್ಲ, ನಾನು ಹೇಳೋಕೆ ಹೋದರೆ ಫೀಸಿನ ಕಂತಿನ ಮಾತು ತೆಗೆದರು. ಆನ್‌ಲೈನ್ ಕೋರ್ಸ್‌ಗಳಲ್ಲಿ ನೂರಾರು ಗಂಟೆ ವಿಡಿಯೋ ಇರುತ್ತೆ. ಗೊತ್ತಿರೋ ಪಾಠವನ್ನೇ ಮತ್ತೆ ನೋಡೋದು ಹಾಯಾಗಿರುತ್ತೆ, ಓದಿದ ಸಮಾಧಾನವೂ ಆಗುತ್ತೆ. ಆದರೆ ನಾನು ಸೋತ ಜಾಗಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಕೊನೆಗೆ ಪೂರ್ತಿ ಕೋರ್ಸಿನ ಬೆಲೆಯ ಒಂದು ಸಣ್ಣ ಪಾಲು ಕೊಟ್ಟು ಮಾಕ್‌ಗಳನ್ನು ಮಾತ್ರ ಕೊಂಡೆ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮಾಕ್. ನಿಜವಾದ ಪರೀಕ್ಷೆಯ ಮೊದಲ ಸ್ಲಾಟ್, ಅಂದರೆ ಮೊದಲ ಪಾಳಿ, ಶುರುವಾಗೋ ಹೊತ್ತು ಅದೇ. ಏಳಕ್ಕೆ ಎದ್ದು ಸ್ನಾನ, ಎರಡು ಇಡ್ಲಿ, ಅರ್ಧ ಲೋಟ ಕಾಫಿ. ಮನೆಯಲ್ಲಿ ದೋಸೆ ಹಾಕ್ತಿದ್ದರೂ ಅವತ್ತು ನನಗೆ ಇಡ್ಲಿನೇ ಆಗಬೇಕು, ಅಮ್ಮ ಹಿಂದಿನ ರಾತ್ರಿಯೇ ಹಿಟ್ಟು ಬೇರೆ ಎತ್ತಿಡ್ತಿದ್ದರು. ಫೋನು ಬೀರುವಿನೊಳಗೆ, ಬೀಗದ ಕೈ ಅಮ್ಮನ ಹತ್ತಿರ. ಕ್ಯಾಟ್‌ನಲ್ಲಿ ಕೀಬೋರ್ಡ್ ಮುಟ್ಟೋ ಹಾಗಿಲ್ಲ, ಅಂಕಿ ಬರೆಯೋ ಉತ್ತರವನ್ನೂ ಸ್ಕ್ರೀನಿನ ಗುಂಡಿಗಳ ಮೇಲೆ ಮೌಸಲ್ಲೇ ಒತ್ತಬೇಕು, ಕ್ಯಾಲ್ಕುಲೇಟರ್ ಕೂಡ ಸ್ಕ್ರೀನಿನದ್ದೇ. ಅದಕ್ಕೆ ಅಂತಲೇ ತಂತಿ ಇರೋ ಅಗ್ಗದ ಮೌಸ್ ತಂದೆ. ಅಗ್ರಹಾರದ ಅಂಗಡಿಯಿಂದ ಬಿಳಿ ಹಾಳೆ ತಂದು ವಾರಕ್ಕೊಂದು ಪುಸ್ತಕ ಪಿನ್ ಹೊಡೆದು ಇಡ್ತಿದ್ದೆ, ಗೆರೆ ಇರೋ ನೋಟ್‌ಬುಕ್ ಮುಟ್ಟಲಿಲ್ಲ. ಹಾಳೆಯನ್ನು ಮಧ್ಯಕ್ಕೆ ಮಡಚಿದರೆ ಒಂದು ಸೆಟ್‌ಗೆ ಅರ್ಧ ಹಾಳೆ. ಸೆಟ್ ಅರ್ಧ ಹಾಳೆ ದಾಟ್ತಾ ಇದೆ ಅಂದರೆ ಕೈ ಬಿಡಬೇಕು ಅಂತ ನನಗೆ ಹೊಳೆದಿದ್ದು ಈ ಮಡಿಕೆಯಿಂದಲೇ.

ವಾರದ ದಿನಗಳಲ್ಲಿ ಇನ್ನೊಂದು ಅಭ್ಯಾಸ ಬೆಳೆಯಿತು. ರಾತ್ರಿ ಒಂದು ಇಂಗ್ಲಿಷ್ ಗದ್ಯಭಾಗ ಓದಿ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅಪ್ಪನ ಜೊತೆ ನಡೆಯುವಾಗ ಬರೆದವರು ಏನು ವಾದ ಮಾಡ್ತಿದ್ದಾರೆ, ಯಾರ ವಿರುದ್ಧ ಮಾಡ್ತಿದ್ದಾರೆ ಅಂತ ಕನ್ನಡದಲ್ಲಿ ಹೇಳೋದು. ಅಪ್ಪ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. "ಸರಿ ಕಣಮ್ಮ, ಆದ್ರೆ ಅವನು ಒಪ್ಪಿದ್ದೆಷ್ಟು, ಬಿಟ್ಟಿದ್ದೆಷ್ಟು?" ಅಂತ ಕೇಳೋರು. ಸೀರೀಸಿನಲ್ಲಿರೋ ಯಾವ ವಿವರಣೆಯೂ ಆ ಪ್ರಶ್ನೆಯಷ್ಟು ಕೆಲಸ ಮಾಡಲಿಲ್ಲ.

ಇನ್ನು ಸಿಟ್ಟಿನ ವಿಷಯ. ಡಿಐಎಲ್‌ಆರ್‌ನಲ್ಲಿ ಪ್ರಶ್ನೆಗಳು ಸೆಟ್‌ಗಳಾಗಿ ಬರುತ್ತವೆ. 2023ರಲ್ಲಿ ನಾಲ್ಕು ಸೆಟ್, 20 ಪ್ರಶ್ನೆ. 2024ರಲ್ಲಿ ಐದು ಸೆಟ್, 22 ಪ್ರಶ್ನೆ. ಎಲ್ಲ ಬಿಡಿಸೋರು ತೀರಾ ಕಡಿಮೆ, ಎರಡು ಸೆಟ್ ಪೂರ್ತಿ ಸರಿ ಮಾಡಿ ಮೂರನೆಯದರಲ್ಲಿ ಒಂದೆರಡು ಉತ್ತರ ಹಿಡಿದವರೇ ಒಳ್ಳೆಯ ಜಾಗಕ್ಕೆ ಬರ್ತಾರೆ. ಹಾಗಾದರೆ ಇಲ್ಲಿನ ದೊಡ್ಡ ಕೆಲಸ ಯಾವುದನ್ನು ಹಿಡೀಬೇಕು, ಯಾವುದನ್ನು ಬಿಡಬೇಕು ಅಂತ ಮೊದಲ ಮೂರ್ನಾಲ್ಕು ನಿಮಿಷದಲ್ಲಿ ತೀರ್ಮಾನಿಸೋದು. ಸೀರೀಸಿನ ವಿವರಣೆ ಏನು ಮಾಡುತ್ತೆ? ಪ್ರತಿ ಸೆಟ್ಟಿಗೂ ಅಂದವಾದ ಕೋಷ್ಟಕ ಹಾಕಿ, ಎಲ್ಲಾ ಖಾನೆ ತುಂಬಿಸಿ, ಉತ್ತರ ಕೊಡುತ್ತೆ. ವಿಡಿಯೋದಲ್ಲಿ ಮೇಷ್ಟ್ರು ಹನ್ನೆರಡು ನಿಮಿಷದಲ್ಲಿ ಬಿಡಿಸಿ ತೋರಿಸ್ತಾರೆ. ಉತ್ತರ ಗೊತ್ತಿರೋರು ಬಿಡಿಸೋದು ಅದು. ಈ ಸೆಟ್ಟನ್ನು ಪರೀಕ್ಷೆಯಲ್ಲಿ ಮುಟ್ಟಬಾರದಿತ್ತು, ಮುಟ್ಟಬಾರದು ಅನ್ನೋದಕ್ಕೆ ಸುಳಿವು ಎರಡನೇ ಸಾಲಿನಲ್ಲೇ ಇತ್ತು ಅಂತ ಒಂದೇ ಒಂದು ಕಡೆ ಹೇಳಲಿಲ್ಲ. ಜುಲೈ ಪೂರ್ತಿ ನಾನು ಈ ವಿಡಿಯೋಗಳನ್ನು ನೋಡಿ ನೋಡಿ ಬೇಸತ್ತೆ. ಪ್ರತಿ ವಿಡಿಯೋ ಮುಗಿದಾಗಲೂ ಸೆಟ್ ಸುಲಭ ಅನಿಸೋದು, ಮುಂದಿನ ಭಾನುವಾರ ಅಂಕ ಅಲ್ಲೇ ನಿಂತಿರೋದು. ಸಹಾಯವಾಣಿಗೆ ಬರೆದೆ. 'ಹೆಚ್ಚು ಸೆಟ್ ಅಭ್ಯಾಸ ಮಾಡಿ' ಅಂತ ಉತ್ತರ ಬಂತು, ಕೆಳಗೆ ಪೂರ್ತಿ ಕೋರ್ಸಿನ ಲಿಂಕ್.

ಆಗಸ್ಟ್‌ನಲ್ಲಿ ರಿಸಲ್ಟ್ ಪುಟದ ತೀರಾ ಕೆಳಗೆ ಇರೋ ಒಂದು ಪಟ್ಟಿಯನ್ನು ಸರಿಯಾಗಿ ನೋಡಿದೆ. ಅವರು ಅದಕ್ಕೆ ಜಾಹೀರಾತನ್ನೂ ಮಾಡಿಲ್ಲ. ನಾನು ಯಾವ ಪ್ರಶ್ನೆಯನ್ನು ಯಾವಾಗ ತೆರೆದೆ, ಎಷ್ಟು ಸೆಕೆಂಡ್ ಇದ್ದೆ, ಬಿಟ್ಟು ಮತ್ತೆ ಯಾವಾಗ ವಾಪಸ್ ಬಂದೆ ಅಂತ ಸಾಲಾಗಿ ಬರೆದಿರುತ್ತೆ. ಈ ಒಂದು ಪಟ್ಟಿಗೇ ನಾನು ಕೊಟ್ಟ ದುಡ್ಡು ಸಂದಿತು. ಭಾನುವಾರ ಸಂಜೆ ಪಟ್ಟಿಯನ್ನು ಕೈಯಲ್ಲಿ ಬರೆದುಕೊಂಡು, ಪ್ರತಿ ಸೆಟ್ಟಿನ ಮುಂದೆ ಮೊದಲ ಎರಡು ನಿಮಿಷದಲ್ಲಿ ನನಗೆ ಏನು ಸಿಕ್ಕಿತ್ತು ಅಂತ ಒಂದು ಸಾಲು. ಉತ್ತರ ನೋಡೋಕೆ ಮುಂಚೆಯೇ ಬರೀಬೇಕು. ಎರಡು ತಿಂಗಳಲ್ಲಿ ನನ್ನದೇ ಲಕ್ಷಣಗಳು ಕಂಡವು. ಕೊಟ್ಟ ಸುಳಿವುಗಳಲ್ಲಿ ಒಂದಾದರೂ ಒಂದು ಖಾನೆಯನ್ನು ಖಚಿತವಾಗಿ ತುಂಬಿಸುತ್ತಾ? ತುಂಬಿಸಿದರೆ ಹಿಡಿ. ಎಲ್ಲಾ ಸುಳಿವುಗಳೂ 'ಕನಿಷ್ಠ ಇಷ್ಟು', 'ಇದಕ್ಕಿಂತ ಹೆಚ್ಚು' ಅಂತಲೇ ಇದ್ದರೆ ಕೊನೆಗೆ ಇಡು. ಪ್ರಶ್ನೆಗಳನ್ನು ಮೊದಲೇ ಓದಿ ನೋಡು, ಕೋಷ್ಟಕ ಅರ್ಧ ತುಂಬಿದರೂ ಉತ್ತರ ಸಿಗೋ ಪ್ರಶ್ನೆ ಇದ್ದರೆ ಆ ಸೆಟ್ ನಷ್ಟ ಮಾಡಲ್ಲ. ಆಯ್ಕೆಗಳಿಲ್ಲದ, ಅಂಕಿ ಬರೆಯೋ ಪ್ರಶ್ನೆಗೆ ತಪ್ಪಾದರೂ ಅಂಕ ಕಳೆಯಲ್ಲ, ಆಯ್ಕೆ ಇರೋದಕ್ಕೆ ಸರಿಯಾದರೆ 3, ತಪ್ಪಾದರೆ ಒಂದು ಹೋಗುತ್ತೆ ಅನ್ನೋದನ್ನೂ ಅಲ್ಲೇ ಲೆಕ್ಕ ಹಾಕು. ಇದೇ ಲಕ್ಷಣ ನಿಮಗೂ ಹೊಂದಬೇಕು ಅಂತಿಲ್ಲ, ನಿಮ್ಮದು ನಿಮ್ಮ ಪಟ್ಟಿಯಿಂದಲೇ ಬರಬೇಕು.

ಅಲ್ಲಿಂದ ಮುಂದೆ ಮಾಕ್ ಎಷ್ಟಿದೆ ಅನ್ನೋದು ಮುಖ್ಯ ಅನಿಸಲಿಲ್ಲ. ಒಂದು ಮಾಕ್ ಬರೆದರೆ ಅದನ್ನು ಬಿಡಿಸಿ ನೋಡೋಕೆ ಮೂರು ಸಂಜೆ ಬೇಕು. ದಸರಾ ರಜೆಯಲ್ಲಿ ಮನೆ ತುಂಬ ನೆಂಟರು, ಗೊಂಬೆ ನೋಡೋಕೆ ಬರೋ ಮಕ್ಕಳು, ಅರಮನೆ ಸುತ್ತ ರಸ್ತೆ ಬಂದ್. ಆ ವಾರ ಹೊಸ ಮಾಕ್ ಒಂದನ್ನೂ ಮುಟ್ಟದೆ ಹಳೆಯ ಪಟ್ಟಿಗಳನ್ನೇ ತಿರುವಿದೆ. ನಂತರ ಬರೆದ ಮಾಕ್‌ನಲ್ಲೇ ಡಿಐಎಲ್‌ಆರ್ ಮೊದಲ ಸಲ ಮೇಲೆ ಬಂತು.

ಮಾಕ್ ಕೊಡುವ ಪರ್ಸೆಂಟೈಲ್ ಬಗ್ಗೆ ಒಂದು ಮಾತು. ಅದು ಅವತ್ತು ಅದೇ ಮಾಕ್ ಬರೆದವರ ನಡುವಿನ ಸ್ಥಾನ ಅಷ್ಟೆ. ನಿಜವಾದ ಕ್ಯಾಟ್‌ನಲ್ಲಿ ಮೂರು ಸ್ಲಾಟ್‌ಗಳ ಅಂಕಗಳನ್ನು ಸರಿದೂಗಿಸಿ ದೇಶದ ಎಲ್ಲರ ಜೊತೆ ಹೋಲಿಸ್ತಾರೆ. ಮಾಕ್‌ನಲ್ಲಿ ಎಂಬತ್ತು ಬಂತು ಅಂತ ಊಟ ಬಿಡೋದು ಬೇಡ, ತೊಂಬತ್ತೈದು ಬಂತು ಅಂತ ಕಾಲೇಜು ಆರಿಸೋದೂ ಬೇಡ. ಮಟ್ಟ ನೋಡ್ಕೊಳ್ಳೋಕೆ ಹಳೆಯ ಕ್ಯಾಟ್ ಪತ್ರಿಕೆಗಳೇ ವಾಸಿ, ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತವೆ. 2015ರಿಂದ 2019ರವರೆಗಿನವು ಮೂರು ಗಂಟೆಯ, ವಿಭಾಗಕ್ಕೆ 60 ನಿಮಿಷದ ಪತ್ರಿಕೆಗಳು, ಎರಡು ಗಂಟೆ ಆಗಿದ್ದು 2020ರಿಂದ. ಗಡಿಯಾರ ಇಟ್ಟು ಬರೆಯುವಾಗ ಅದನ್ನು ನೋಡ್ಕೊಳ್ಳಿ.

ಮಂಡ್ಯದಿಂದ ದಿನಾ ಟ್ರೈನಲ್ಲಿ ಬರೋ ನಮ್ಮ ಆಫೀಸಿನ ಹುಡುಗ ಮೊನ್ನೆ ಕೇಳಿದ, "ಅಕ್ಕಾ, ಸಾಲ ಮಾಡಿ ಪೂರ್ತಿ ಕೋರ್ಸ್ ತಗಳದಾ, ಬರೀ ಟೆಸ್ಟ್ ಸಾಕಾ?" ಹೋದ ವರ್ಷದ ಸ್ಕೋರ್‌ಕಾರ್ಡ್ ತರಿಸಿ ನೋಡಿದೆ. ಗಣಿತ ತೀರಾ ಕೆಳಗಿದೆ. ಅವನಿಗೆ ಪಾಠವೇ ಬೇಕು, ಟೆಸ್ಟ್ ಸೀರೀಸ್ ಈಗಲೇ ಕೊಂಡರೆ ದುಡ್ಡು ಪೋಲು. ಮೊದಲು ಎಂಟರಿಂದ ಹತ್ತನೇ ತರಗತಿಯ ಗಣಿತ ಪುಸ್ತಕ ಮುಗಿಸು, ಟೆಸ್ಟ್ ಆಗಸ್ಟ್‌ಗೆ ಕೊಂಡರೆ ಸಾಕು ಅಂದೆ. ಮಾನಸಗಂಗೋತ್ರಿಯಲ್ಲಿ ಎಂಬಿಎ ಓದಿದರೂ ಆಗುತ್ತೆ ಅನ್ನೋನು ಅವನು, ಅದಕ್ಕೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯನ್ನೂ ಬರೀತಾನೆ. ಅಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯಲ್ಲ, ಬಿಟ್ಟುಬಿಡೋ ಈ ಲೆಕ್ಕವೆಲ್ಲ ಅಲ್ಲಿಗೆ ಬೇಕಾಗಲ್ಲ.

ಈ ಸಲ ನನ್ನ ಡಿಐಎಲ್‌ಆರ್ ಕಟ್‌ಆಫ್ ದಾಟಿದೆ, ಸಂದರ್ಶನದ ಕರೆಗಳು ಬರ್ತಾ ಇವೆ. ಸೀರೀಸಿಗೆ ಐದರಲ್ಲಿ ಮೂರೂವರೆ ಕೊಡ್ತೀನಿ, ಒಂದು ಪೂರ್ತಿ ಅಂಕ ಹೋಗಿದ್ದು ಆ ವಿವರಣೆಗಳಿಂದ. ಉಳಿದರ್ಧ ಹೋಗಿದ್ದು ಇನ್ನೊಂದು ಕಾರಣಕ್ಕೆ. ಕ್ಯಾಟ್ ಮುಗಿದ ಮಾರನೇ ದಿನವೇ ಲಾಗಿನ್ ಮುಚ್ಚಿಬಿಟ್ಟರು. ಜನವರಿಯಲ್ಲಿ ನಡೆಯೋ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಎಕ್ಸ್ಯಾಟ್‌ಗೆ ಓದೋರಿಗೆ ಆ ಪಟ್ಟಿಗಳು ಇನ್ನೂ ಬೇಕಿತ್ತು, ಇಳಿಸಿಕೊಳ್ಳೋ ವ್ಯವಸ್ಥೆಯೂ ಇರಲಿಲ್ಲ. ಕೊಳ್ಳುವ ಮುಂಚೆ ಅವಧಿ ಜನವರಿವರೆಗೆ ಇದೆಯಾ ಅಂತ ಕೇಳಿ, ಪ್ರತಿ ಭಾನುವಾರದ ಪಟ್ಟಿಯನ್ನು ಅವತ್ತೇ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.