ಹಾಸನದ ಡ್ರೈವಿಂಗ್ ಕ್ಲಾಸ್: ಕ್ಲಚ್ಚಿಗೆ ಪೂರ್ತಿ ಮಾರ್ಕ್ಸ್, ಬ್ರೇಕಿಗೆ ಕಟ್

ಈಚೆಗೆ ಹಾಸನದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿತೆ. ಹೆಸರು ಬರೆಯುವುದಿಲ್ಲ.

ಕಲಿಸುವುದು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹಾಫ್ ಕ್ಲಚ್, ರಿವರ್ಸ್, ಏರಿನಲ್ಲಿ ಹಿಂದಕ್ಕೆ ಜಾರದ ಹಾಗೆ ಗಾಡಿ ಎತ್ತುವುದು, ಎಲ್ಲ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಬಿ.ಎಂ. ರೋಡಿನಲ್ಲಿ ಮೂರು ಸಲ ಗಾಡಿ ಆಫ್ ಮಾಡಿ, ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿದ್ದರೂ ಸರ್ ಬೈಯಲಿಲ್ಲ. "ಆಗುತ್ತೆ ಬಿಡಮ್ಮ, ನಿಧಾನ" ಅಂದರು. ಕಾರು ಹಳೇದು, ಎಸಿ ಕೇಳಲೇಬೇಡಿ.

ನನ್ನ ತಕರಾರು ಅವರ ಕಾಲ ಕೆಳಗಿರುವ ಬ್ರೇಕಿನದು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ವಾ, ಅದು. ಎನ್.ಆರ್. ಸರ್ಕಲ್ ಹತ್ತಿರ ಇಸ್ತ್ರಿ ಶರ್ಟಿನವರೊಬ್ಬರು ರಸ್ತೆಗೆ ಕಾಲಿಟ್ಟರು. ನಾನು ನೋಡುವ ಮೊದಲೇ ಸರ್ ಒತ್ತಿಬಿಟ್ಟರು. ಮಾರನೇ ದಿನ ಅದೇ ಜಾಗದಲ್ಲಿ ಗಾರೆ ಕೆಲಸದ ಇಬ್ಬರು ಹುಡುಗರು, ನೋಡಿದರೆ ಅಸ್ಸಾಂ ಕಡೆಯವರು ಅನಿಸುತ್ತಿತ್ತು. ನಾನು ಬ್ರೇಕಿಗೆ ಕಾಲು ತಂದೆ. "ಹಾರ್ನ್ ಹೊಡಿಯಮ್ಮ, ಅವರೇ ನಿಲ್ತಾರೆ" ಅಂದರು. ನಿಂತರು ಕೂಡ. ಆಮೇಲೆ ದಿನವೂ ಸುಮ್ನೆ ಅವರ ಕಾಲು ನೋಡುತ್ತಿದ್ದೆ. ಸಂತೆಪೇಟೆಯಲ್ಲಿ ತಲೆ ಮೇಲೆ ಮೂಟೆ ಹೊತ್ತ ಹೆಂಗಸಿಗೆ ಆ ಬ್ರೇಕ್ ಒಂದು ಸಲವೂ ಬೀಳಲಿಲ್ಲ.

ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಇದನ್ನೇ ಅಳೆದಿದ್ದಾರೆ, 2015ರಲ್ಲಿ ಪ್ರಕಟವಾದ ಅಧ್ಯಯನ. ಮೂವರು ಬಿಳಿಯರು, ಮೂವರು ಕಪ್ಪು ಜನಾಂಗದವರು, ಎಲ್ಲರೂ ಗಂಡಸರೇ, ಒಂದೇ ಥರದ ಬಟ್ಟೆ ಹಾಕಿಕೊಂಡು ಜೀಬ್ರಾ ಕ್ರಾಸಿಂಗಿನಲ್ಲಿ ಒಬ್ಬೊಬ್ಬರಾಗಿ ದಾಟಲು ನಿಂತರು. ಕಪ್ಪು ಜನಾಂಗದವರನ್ನು ಕಂಡೂ ನಿಲ್ಲಿಸದೆ ಹೋದ ಕಾರುಗಳು ಎರಡು ಪಟ್ಟು, ಅವರು ಕಾದ ಹೊತ್ತು ಸುಮಾರು 32% ಜಾಸ್ತಿ. ಅಲ್ಲಿ ಬಟ್ಟೆ ಒಂದೇ ಇತ್ತು, ಬಣ್ಣ ಬೇರೆ. ನಮ್ಮಲ್ಲಿ ಬಣ್ಣದ ಜೊತೆಗೆ ಬಟ್ಟೆ, ಚಪ್ಪಲಿ, ಮೂಟೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಒಂದು ದಿನ ಕೇಳಿಯೇಬಿಟ್ಟೆ. "ಸರ್, ಅವತ್ತು ಶರ್ಟಿನವರಿಗೆ ನೀವೇ ಬ್ರೇಕ್ ಹಾಕಿದ್ರಲ್ಲ, ಆ ಹುಡುಗರಿಗೆ ಯಾಕೆ ಬೇಡ ಅಂದ್ರಿ?" ಅವರು ನನ್ನ ಮುಖ ನೋಡಿದರು. "ಹಾಕಿದ್ನಾ?" ಅಂದರು. ನಾಟಕ ಅಲ್ಲ, ನಿಜವಾಗಲೂ ಗೊತ್ತಿರಲಿಲ್ಲ. ಪೋರ್ಟ್‌ಲೆಂಡಿನ ಸಂಶೋಧಕರ ಅನುಮಾನವೂ ಇದೇ: ಡ್ರೈವರ್ ಕ್ಷಣದಲ್ಲಿ ತೀರ್ಮಾನ ಮಾಡುವಾಗ ಅವನಿಗೇ ತಿಳಿಯದ ಪೂರ್ವಗ್ರಹ ಕೆಲಸ ಮಾಡುತ್ತದೆ. ಮನುಷ್ಯ ಕೆಟ್ಟವರಲ್ಲ, ಆದರೆ ಕಲಿಸುವವರ ಕಾಲು ನೋಡಿಯೇ ತಾನೇ ನಾವು ಕಲಿಯುವುದು?

ಐದಕ್ಕೆ ಮೂರೂವರೆ ಕೊಡುತ್ತೇನೆ. ಸೇರುವವರು ಬೆಳಗಿನ ಬ್ಯಾಚ್ ಕೇಳಿ, ಸಂಜೆ ಬರೀ ಫಸ್ಟ್ ಗೇರಿನಲ್ಲೇ ಕಳೆದುಹೋಗುತ್ತದೆ. ನನಗೆ ಲೈಸೆನ್ಸ್ ಬಂತು. ಟೆಸ್ಟಿನಲ್ಲಿ ಮುಂದೆ ಓಡಿಸಿದೆ, ಹಿಂದೆ ತಂದೆ, ಸರಿಯಾಗಿ ನಿಲ್ಲಿಸಿದೆ. ಆ ಮೈದಾನದಲ್ಲಿ ರಸ್ತೆ ದಾಟುವವರು ಯಾರೂ ಇರಲಿಲ್ಲ.