ವ್ಯಾನ್‌ನ ಲೀಜರ್ ಬ್ಯಾಟರಿಗೆ ವಿಕ್ಟ್ರಾನ್ ಚಾರ್ಜರ್: ಮೂರು ವರ್ಷ ಬಳಸಿದ ಮೇಲೆ

ಇಂಗ್ಲೆಂಡಿನ ವಿಟ್ಬಿ ಹತ್ತಿರ ಕ್ಯಾಂಪ್ ಹಾಕಿದ್ದೆವು. ಬೆಳಗ್ಗೆ ಫ್ರಿಜ್ ತೆಗೆದರೆ ದೋಸೆ ಹಿಟ್ಟು ಹುಳಿ ಬಂದು ಡಬ್ಬಿ ಮುಚ್ಚಳ ಎತ್ತಿಕೊಂಡು ಹೊರಗೆ ಉಕ್ಕಿತ್ತು. ಫ್ರಿಜ್ ರಾತ್ರಿಯೇ ನಿಂತಿದೆ. ಕ್ಯಾಂಪ್‌ಸೈಟ್ ಕಂಬದಿಂದ ವ್ಯಾನ್‌ಗೆ ಕರೆಂಟ್ ತರುವ ಹುಕ್-ಅಪ್ ಕೇಬಲ್ ಹಾಕಿದ್ದೆ, ಕರೆಂಟ್ ಇತ್ತು, ಹಳೇ ಚಾರ್ಜರ್‌ನ ಹಸಿರು ದೀಪವೂ ಉರಿಯುತ್ತಿತ್ತು. ಬ್ಯಾಟರಿಗೆ ಮೀಟರ್ ಹಿಡಿದರೆ 11.6 ವೋಲ್ಟ್, ಅಂದರೆ ಹೆಚ್ಚುಕಮ್ಮಿ ಖಾಲಿ.

ಚಾರ್ಜರ್ ಇದ್ದ ಹಿಂಬದಿಯ ಬೀರು ಬಿಚ್ಚಿದಾಗ ವಿಷಯ ಗೊತ್ತಾಯಿತು. ವ್ಯಾನ್ ಮಾಡಿಕೊಟ್ಟವರು ಚಾರ್ಜರ್ ವೈರ್ ಸಾಲದೆ ಬಂದಾಗ ಇನ್ನೊಂದು ತುಂಡನ್ನು ತಿರುಚಿ ಸೇರಿಸಿ ಟೇಪ್ ಸುತ್ತಿದ್ದರು. ಟೇಪ್ ಕಾದು ಕರಗಿ ಅಂಟಂಟಾಗಿತ್ತು. ಒಳಗೆ ತಾಮ್ರ ಕಪ್ಪಾಗಿ ಬಿಟ್ಟುಕೊಂಡಿತ್ತು. ಚಾರ್ಜರ್‌ಗೆ ಬ್ಯಾಟರಿಯೇ ಕಾಣುತ್ತಿರಲಿಲ್ಲ, ಕೆಲಸ ಮುಗಿದಿದೆ ಅಂದುಕೊಂಡು ಹಸಿರು ದೀಪ ಹಚ್ಚಿ ಕೂತಿತ್ತು. ಮಗಳು ಪಕ್ಕದಲ್ಲೇ ಮಲಗುತ್ತಿದ್ದ ಜಾಗ ಅದು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಕ್ಯಾಂಪರ್‌ವ್ಯಾನ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ. ದೀಪ, ಫ್ರಿಜ್, ನೀರಿನ ಪಂಪ್ ನಡೆಸುವ ಬ್ಯಾಟರಿ ಬೇರೆ. ಎರಡನೆಯದಕ್ಕೆ ಇಲ್ಲಿ ಇಂಗ್ಲೆಂಡಿನಲ್ಲಿ ಲೀಜರ್ ಬ್ಯಾಟರಿ ಅಂತಾರೆ. ನನ್ನದು 110 ಆಂಪ್-ಅವರ್ ಎಜಿಎಂ (ಒಂದು ಬಗೆಯ ಲೆಡ್ ಬ್ಯಾಟರಿ), ಡ್ರೈವರ್ ಸೀಟಿನ ಕೆಳಗಿದೆ. ಕ್ಯಾಂಪ್‌ಸೈಟ್‌ನ 230 ವೋಲ್ಟ್ ಕರೆಂಟ್‌ನಿಂದ ಇದನ್ನು ತುಂಬಿಸಲು ತಂದದ್ದು ವಿಕ್ಟ್ರಾನ್ ಕಂಪನಿಯ ಬ್ಲೂ ಸ್ಮಾರ್ಟ್ ಐಪಿ22 ಚಾರ್ಜರ್, 12 ವೋಲ್ಟ್ 15 ಆಂಪ್‌ನದು. ನೂರು ಪೌಂಡ್ ಮೇಲೆ ಸ್ವಲ್ಪ ಜಾಸ್ತಿಯೇ ಆಯಿತು.

ಮೊದಲ ವಾರ ನಾನೂ ಒಂದು ತಪ್ಪು ಮಾಡಿದೆ. ಚಾರ್ಜರ್ ಹೊಸದು ಹಾಕಿದೆ, ಬಿಟ್ಟುಹೋದ ಜಾಗಕ್ಕೆ ಸರಿಯಾದ ಜಾಯಿಂಟ್ ಹಾಕಿದೆ, ವೈರ್ ಮಾತ್ರ ಹಳೇದೇ ಉಳಿಸಿಕೊಂಡೆ. ಅದು 2.5 ಚದರ ಮಿಲಿಮೀಟರ್‌ನದು. ಹಿಂದಿನ ಬೀರುವಿನಿಂದ ಸೀಟಿನ ತನಕ ಹೋಗಿಬರಲು ಆರು ಮೀಟರ್. 15 ಆಂಪ್ ಹರಿಯುವಾಗ ಚಾರ್ಜರ್ ಬ್ಲೂಟೂತ್ ಮೂಲಕ ಮೊಬೈಲ್‌ನಲ್ಲಿ 14.4 ವೋಲ್ಟ್ ಅಂತ ತೋರಿಸುತ್ತಿತ್ತು, ಬ್ಯಾಟರಿ ಟರ್ಮಿನಲ್‌ಗೇ ಮೀಟರ್ ಇಟ್ಟರೆ 13.7. ವೈರ್ ಮುಟ್ಟಿದರೆ ಬೆಚ್ಚಗಿತ್ತು. ಉಳಿದ 0.7 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಬ್ಯಾಟರಿ ತುಂಬುತ್ತಾ ಬಂತು ಅಂತ ಚಾರ್ಜರ್ ಬೇಗನೇ ಕರೆಂಟ್ ಇಳಿಸಿಬಿಡುತ್ತದೆ, ಬ್ಯಾಟರಿ ಇನ್ನೂ ಹಸಿದೇ ಇರುತ್ತದೆ.

ಹಾಗಾಗಿ ಚಾರ್ಜರನ್ನೇ ಸೀಟಿನ ಹಿಂದಕ್ಕೆ ತಂದೆ. ಒಂದೂವರೆ ಮೀಟರ್ ದೂರ, 10 ಚದರ ಮಿಲಿಮೀಟರ್ ವೈರ್, ತುದಿಗೆ ಸರಿಯಾಗಿ ಕ್ರಿಂಪ್ ಮಾಡಿದ (ಒತ್ತಿ ಬಿಗಿಸಿದ) ಲೋಹದ ಲಗ್, ಬ್ಯಾಟರಿ ಪ್ಲಸ್ ಪಕ್ಕದಲ್ಲೇ 25 ಆಂಪ್ ಫ್ಯೂಸ್. ಈಗ ಎರಡು ಕಡೆಯ ವ್ಯತ್ಯಾಸ 0.1 ವೋಲ್ಟ್ ಕೂಡ ಇಲ್ಲ. ದಯವಿಟ್ಟು ಚಾರ್ಜರ್‌ಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ವೈರ್‌ಗೂ ಎತ್ತಿಡಿ. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ, ಚಾರ್ಜರ್ ಕಡೆ ಅಲ್ಲ. ವೈರ್ ಎಲ್ಲಾದರೂ ಉಜ್ಜಿ ವ್ಯಾನಿನ ಲೋಹದ ಮೈಗೆ ತಾಗಿದರೆ ಬೆಂಕಿ ಹಚ್ಚುವಷ್ಟು ಕರೆಂಟ್ ಬರುವುದು ಬ್ಯಾಟರಿಯಿಂದ.

230 ವೋಲ್ಟ್ ಭಾಗಕ್ಕೆ ನಾನು ಕೈ ಹಾಕಲಿಲ್ಲ. ಇಲ್ಲಿನ ವೈರಿಂಗ್ ನಿಯಮ ಬಿಎಸ್ 7671ರಲ್ಲಿ ಕ್ಯಾರವಾನ್, ಮೋಟಾರ್ ಕ್ಯಾರವಾನ್‌ಗೆಂದೇ 721 ಅಂತ ಒಂದು ವಿಭಾಗ ಇದೆ. ಅದು ಗೊತ್ತಿರುವ ಎಲೆಕ್ಟ್ರಿಷಿಯನ್ ಬಂದು ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪ್ ಆರ್‌ಸಿಡಿ, ಲೋಡ್ ಜಾಸ್ತಿಯಾದರೆ ಟ್ರಿಪ್ ಆಗುವ ಎಂಸಿಬಿ ಹಾಕಿ, ವ್ಯಾನಿನ ಲೋಹದ ಮೈಗೆ ಅರ್ತಿಂಗ್ ಕೊಟ್ಟು, ಟೆಸ್ಟ್ ಮಾಡಿ ಹೋದರು. ಪ್ರತಿ ಸಲ ಸೈಟಿಗೆ ಹೋದಾಗ ಆರ್‌ಸಿಡಿ ಟೆಸ್ಟ್ ಬಟನ್ ಒತ್ತುತ್ತೇನೆ. ಕೇಬಲ್ ಮೊದಲು ವ್ಯಾನ್‌ಗೆ, ಆಮೇಲೆ ಕಂಬಕ್ಕೆ. ತೆಗೆಯುವಾಗ ಉಲ್ಟಾ. ಕೇಬಲ್ ಸುರುಳಿಯಾಗಿ ಬಿಡಬೇಡಿ, ಪೂರ್ತಿ ಬಿಚ್ಚಿ ಹಾಸಿ, ಇಲ್ಲದಿದ್ದರೆ ಬಿಸಿಯಾಗುತ್ತದೆ.

ಇನ್ನು ದಿನದ ಬಳಕೆ. ಅರ್ಧ ಇಳಿದ ಬ್ಯಾಟರಿ ಸಂಜೆ ಹಾಕಿದರೆ ಬೆಳಗ್ಗೆ ಹೊತ್ತಿಗೆ ತುಂಬಿರುತ್ತದೆ. ಮೊದಲ ಮೂರ್ನಾಲ್ಕು ಗಂಟೆ ಜೋರು, ಕೊನೆಯ ಸ್ವಲ್ಪಕ್ಕೇ ಜಾಸ್ತಿ ಹೊತ್ತು. ಲೆಡ್ ಬ್ಯಾಟರಿ ಅಂದರೆ ಹಾಗೇ ಅಲ್ವಾ. ರಾತ್ರಿ ನೈಟ್ ಮೋಡ್ ಹಾಕುತ್ತೇನೆ. ಕರೆಂಟ್ ಅರ್ಧಕ್ಕೆ ಇಳಿಯುತ್ತದೆ, ಸದ್ದೇ ಇರುವುದಿಲ್ಲ. ಎಂಟು ಗಂಟೆ ಆದ ಮೇಲೆ ತಾನಾಗಿ ಮೊದಲಿನಂತಾಗುತ್ತದೆ. ಎಷ್ಟು ಜೋರಾಗಿ ಓಡಿದರೂ ಚಾರ್ಜರ್ ಎಳೆಯುವುದು 250 ವಾಟ್ ಒಳಗೆ. ಹಾಗಾಗಿ 6 ಆಂಪ್ (ಸುಮಾರು 1,380 ವಾಟ್) ಮಾತ್ರ ಕೊಡುವ ಹಳೇ ಸೈಟ್‌ಗಳಲ್ಲೂ ಒಂದು ಕಿಲೋವಾಟ್‌ನ ಸಣ್ಣ ಕೆಟಲ್‌ನಲ್ಲಿ ಕಾಫಿಗೆ ನೀರು ಕಾಯಿಸಬಹುದು.

ನನಗೆ ತುಂಬಾ ಇಷ್ಟವಾದದ್ದು ಚಳಿಗಾಲದ ವಿಚಾರ. ನವೆಂಬರ್‌ನಿಂದ ಮಾರ್ಚ್ ತನಕ ವ್ಯಾನ್ ಮನೆ ಮುಂದೆ ಸುಮ್ನೆ ನಿಂತಿರುತ್ತದೆ. ಚಾರ್ಜರ್ ಬ್ಯಾಟರಿ ತುಂಬಿಸಿ, ಫ್ಲೋಟ್ (ತುಂಬಿದ್ದನ್ನು ಹಾಗೇ ಹಿಡಿದಿಡುವ ಹಂತ) ಮುಗಿಸಿ, ಸುಮ್ಮನೆ ನಿಂತ ಬ್ಯಾಟರಿಗೆಂದೇ ಇರುವ 13.2 ವೋಲ್ಟ್‌ನ ಸ್ಟೋರೇಜ್ ಹಂತಕ್ಕೆ ಇಳಿದು ಅಲ್ಲೇ ಇರುತ್ತದೆ. ಮೂರು ಚಳಿಗಾಲ ಹೀಗೇ ಕಳೆದಿದೆ. ಈ ಮಾರ್ಚ್‌ನಲ್ಲಿ ಚಾರ್ಜರ್ ಆಫ್ ಮಾಡಿ, ಒಂದು ದಿನ ಬಿಟ್ಟು ನೋಡಿದರೆ 12.7 ವೋಲ್ಟ್ ಇತ್ತು. ಹಿಂದಿನ ಬ್ಯಾಟರಿ ಎರಡನೇ ವರ್ಷಕ್ಕೇ ಕೈಕೊಟ್ಟಿತ್ತು.

ಕೊಳ್ಳುವ ಮೊದಲು ಕೆಲವು ವಿಷಯ ತಿಳಿದಿರಲಿ. ಐಪಿ22 ಅಂದರೆ ನೀರು ತಡೆಯುವಂಥದ್ದಲ್ಲ. ಒಣಗಿದ ಜಾಗವೇ ಬೇಕು. ಮೇಲೆ ಕೆಳಗೆ ಹತ್ತು ಸೆಂಟಿಮೀಟರ್ ಗಾಳಿಗೆ ಬಿಡಬೇಕು. ಬ್ಯಾಟರಿಯ ನೆತ್ತಿಯ ಮೇಲೆ ಕೂರಿಸಬೇಡಿ. ಮೋಡ್ ಬಟನ್ ಮುಂದೆಯೇ ಇದೆ, ಸಾಮಾನು ಒತ್ತಿಕೊಳ್ಳದ ಹಾಗೆ ನಾನು ಒಂದು ಸಣ್ಣ ಹಲಗೆ ಅಡ್ಡ ಹೊಡೆದಿದ್ದೇನೆ. ನಾರ್ಮಲ್ ಮೋಡ್‌ನಲ್ಲಿ 14.4, ಹೈ ಮೋಡ್‌ನಲ್ಲಿ 14.7 ವೋಲ್ಟ್. ಯಾವುದು ಬೇಕು ಅನ್ನುವುದನ್ನು ಬ್ಯಾಟರಿ ಮೇಲೆ ಬರೆದದ್ದು ಓದಿ ಆರಿಸಿ, ಅಂದಾಜಿನ ಮೇಲೆ ಬೇಡ. ಬ್ಲೂಟೂತ್ ಪಿನ್ ಕೂಡ ಮೊದಲ ದಿನವೇ ಬದಲಾಯಿಸಿ, ಪಕ್ಕದ ವ್ಯಾನ್‌ನವರ ಮೊಬೈಲ್‌ಗೂ ಇದು ಕಾಣುತ್ತದೆ.

ಮುಂದೆ ಈ ಎಜಿಎಂ ಹೋದಾಗ ಲಿಥಿಯಂ ಹಾಕಬೇಕು ಅಂತಿದೆ. ಅದಕ್ಕೆ ಬೇಕಾದ 14.2 ವೋಲ್ಟ್‌ನ ಮೋಡ್ ಇದರಲ್ಲೇ ಇದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಹಾಗಾಗಿ ಚಳಿಯಲ್ಲಿ ತಾನೇ ಚಾರ್ಜ್ ನಿಲ್ಲಿಸುವಂಥ ಬ್ಯಾಟರಿ ಹುಡುಕುತ್ತಿದ್ದೇನೆ. ಚಾರ್ಜರ್ ಮಾತ್ರ ಇದೇ ಇರುತ್ತದೆ.